ಕೇಳುವಷ್ಟು ನೀರು

ಸೊಲ್ಲಾಪುರದ ದನದ ದವಾಖಾನೆಯಲ್ಲಿ ಕುರಿಯ ಔಷಧಕ್ಕೆಂದು ಕಾಯುತ್ತಿದ್ದ ಹಣಮಂತಪ್ಪನ ಪಕ್ಕಕ್ಕೆ ಅತ್ತೆ ಸೊಸೆ ಬಂದು ಕುಳಿತರು. ಅತ್ತೆಯ ತೊಡೆಯ ಮೇಲಿನ ಬುಟ್ಟಿಯಲ್ಲಿ ಮುದಿ ಬೆಕ್ಕೊಂದು ಕಣ್ಣು ಮುಚ್ಚಿ ಮಲಗಿತ್ತು. ಅವನು ಬೇಡವೆಂದರೂ ಮಾತು ಕಿವಿಗೆ ಬಿತ್ತು.

“ನಾಕ ದಿನ ಆತು ಸಾರಿಕಾ, ಹೊರಕಡಿ ಹೋಗಿಲ್ಲ. ತಿಂದದ್ದೆಲ್ಲಾ ಕಾರಕೊಳ್ಳಾಕತ್ತೈತಿ.”

“ಡಾಕ್ಟರು ಕೇಳ್ತಾರ್ರಿ ಅತ್ತಿ, ನೀರು ಎಷ್ಟು ಕುಡಿತೈತಿ?”

“ಮುಂಜಾನಿ ಒಂದು ಚಮಚಾ, ಸಂಜಿಗೆ ಒಂದು ಚಮಚಾ.”

“ಅಷ್ಟನಾ? ಬಟ್ಟಲಗಟ್ಟಲೆ ಕುಡಿತಿತ್ತಲ್ಲರಿ!”

“ಬಟ್ಟಲಾ ನಾನಽ ಎತ್ತಿಟ್ಟೀನಿ. ಹೋದ ಸಲ ಡಾಕ್ಟರು ಇದಕ್ಕ ಕಿಡ್ನಿ ಬ್ಯಾನಿ ಅಂದ್ರಲ್ಲವಾ. ನಿಮ್ಮ ಮಾವನ ಕಿಡ್ನಿ ಹೋದಾಗ ನೀರು ಅಳದು ಕೊಡ್ರಿ ಅಂದಿದ್ರು.”

“ಅಯ್ಯ ದೇವರ! ಬೆಕ್ಕಿಗೆ ಹಂಗಲ್ಲರಿ. ಬೇಕಾದಷ್ಟು ನೀರು ಇಡ್ರಿ ಅಂತ ಹೇಳಿದ್ದು ಕೇಳಲಿಲ್ಲೇನು?”

“ಕಿಡ್ನಿ ಅಂದ ಮ್ಯಾಲ ನನಗೇನೂ ಕೇಳಲಿಲ್ಲ.” ಅತ್ತೆ ಬುಟ್ಟಿಯೊಳಗೆ ಬಗ್ಗಿ ನೋಡಿದರು. “ಸಾಯತೈತೇನ ಸಾರಿಕಾ?”

“ಹಂಗ ಅನಬ್ಯಾಡ್ರಿ. ಸಲಾಯಿನ್ ಹಚ್ಚತಾರ.”

“ಅದು ನೀರಿಗೆ ಒದರಿದಾಗೆಲ್ಲಾ ಬೀರಪ್ಪ ದೇವರ ಹೆಸರು ಹೇಳಿ ಕಿವಿ ಮುಚ್ಚಿಕೊಂಡೀನಿ. ನಿಮ್ಮ ಮಾವನೂ ಸಾಯೂಮುಂದ ಹಿಂಗ ನೀರು ಬೇಡಿದ್ರು. ಅವರಿಗೂ ಕೊಡಬಹುದಿತ್ತೇನ?”

ಸೊಸೆ ಅತ್ತೆಯ ಸೆರಗು ಸರಿಪಡಿಸಿದಳು.

“ಇಲ್ಲರಿ. ಅವರ ಬ್ಯಾನಿ ಬ್ಯಾರೆ.”

“ಖರೇ ಹೇಳು.”

“ಬೀರಪ್ಪನ ಆಣಿ, ಖರೇ.”

ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು: “ಗಿರಿಜಾಬಾಯಿ, ಬರ್ರಿ!”

“ಚಮಚಾದ ಮಾತು ನಾನು ಹೇಳತೀನಿ, ನೀವು ಸುಮ್ಮನಿರ್ರಿ. ಡಾಕ್ಟರು ಬೈತಾರ.”

“ಬೈಯಲಿ,” ಎನ್ನುತ್ತ ಗಿರಿಜಾಬಾಯಿ ಬುಟ್ಟಿಯನ್ನು ಎದೆಗವಚಿಕೊಂಡು ಎದ್ದರು. “ಎಷ್ಟರೆ ಬೈಯಲಿ. ಬೈದು ಇದನ್ನೊಂದು ಉಳಿಸಿಕೊಡಲಿ.”

ಇಬ್ಬರೂ ಒಳಗೆ ಹೋದರು.