ಸಾಹುಕಾರನ ಕತ್ತರಿ, ಏಳನೆಯ ಪುಟ

ನಿನ್ನೆ ಪ್ರಸಾದದ ಸಾಲಿನಲ್ಲಿ ನಮ್ಮ ಮಠದ ಹಾಸ್ಟೆಲಿನ ಹುಡುಗಿಯೊಬ್ಬಳು ನನ್ನನ್ನು ತಡೆದು ನಿಲ್ಲಿಸಿದಳು. ಎಂ.ಎ. ಓದುತ್ತಿದ್ದಾಳೆ. ಪ್ರಬಂಧದ ಕೊನೆಗೆ ಆಕರಗಳ ಪಟ್ಟಿ ಬರೆಯಬೇಕಂತೆ. ಲೇಖನ ಬರೆದವರು ಯಾರು, ಅದರ ತಲೆಬರಹ ಏನು, ಯಾವ ಪತ್ರಿಕೆ, ಯಾವ ತಾರೀಖು, ಎಷ್ಟನೆಯ ಪುಟ. ಬರೆದು ಬರೆದು ಅವಳಿಗೆ ಸಾಕಾಗಿದೆ. "ಅಜ್ಜಾರ, ಆ ಪಟ್ಟೀನ ಯಾರರೆ ಓದ್ತಾರೇನ್ರಿ?" ಎಂದಳು. ನನ್ನ ಕೈಯಲ್ಲಿ ಸಾರಿನ ಸೌಟಿತ್ತು, ಹಿಂದೆ ಇನ್ನೂರು ಜನ ತಟ್ಟೆ ಹಿಡಿದು ನಿಂತಿದ್ದರು. ನಾಳೆಯ ಪ್ರವಚನದಲ್ಲಿ ಹೇಳುತ್ತೇನಮ್ಮ ಎಂದೆ. ಈಗ ಹೇಳುತ್ತೇನೆ. ನಾವು ಪ್ರಬಂಧ ಬರೆಯುವವರಲ್ಲ ಎಂದು ಉಳಿದವರು ಚಪ್ಪಲಿ ಹುಡುಕಬೇಡಿ. ಈ ಕಥೆ ಹೆಚ್ಚಾಗಿ ನಿಮ್ಮದೇ.

ನಮ್ಮ ಸೀಮೆಯದೇ ಒಂದು ಊರು ಎಂದುಕೊಳ್ಳಿ. ಅಲ್ಲೊಬ್ಬ ಸಾಹುಕಾರ. ಮೆಣಸಿನಕಾಯಿ ವ್ಯಾಪಾರ, ಮೂರು ಗೋದಾಮು, ಊರ ತುಂಬ ಮರ್ಯಾದೆ. ಹೆಸರು ಏನಾದರೂ ಇರಲಿ, ಸಾಹುಕಾರ ಎಂದರೆ ಸಾಕು. ಅವನಿಗೊಂದು ಹವ್ಯಾಸ. ಬೆಳಿಗ್ಗೆ ಚಹಾ ಕುಡಿದವನೇ ಹೆಂಡತಿಯ ಹೊಲಿಗೆ ಕತ್ತರಿ ತೆಗೆದುಕೊಂಡು ಪೇಪರಿನಲ್ಲಿ ಹಿಡಿಸಿದ ಲೇಖನಗಳನ್ನು ಕತ್ತರಿಸುತ್ತಿದ್ದ, ರಿಜಿಸ್ಟರ್ ಪುಸ್ತಕದಲ್ಲಿ ಅಂಟಿಸುತ್ತಿದ್ದ. ನೋಡಿ, ಮನುಷ್ಯ ಬಹಳ ಓರಣದವನು. ಮೇಲೆ ತಾರೀಖು ಇದ್ದರೆ ಅಂದ ಕೆಡುತ್ತದೆ, ಕತ್ತರಿಸು. ಬರೆದವರ ಹೆಸರು ಅಂಚಿಗೆ ಬಂದು ಅಡ್ಡವಾಗುತ್ತದೆ, ಕತ್ತರಿಸು. ಕೆಳಗೊಂದು ತುಂಡು ಸಾಲು ಉಳಿಯಿತೇ, ಅದನ್ನೂ ಕತ್ತರಿಸು. ಹೀಗೆ ಇಪ್ಪತ್ತು ವರ್ಷ ಕತ್ತರಿಸಿದ.

ಅರವತ್ತೆರಡಕ್ಕೆ ಅವನಿಗೆ ಪಿಎಚ್.ಡಿ. ಮಾಡುವ ಮನಸ್ಸಾಯಿತು. ನಗಬೇಡಿ, ಒಳ್ಳೆಯ ಮನಸ್ಸೇ. ತಾಲ್ಲೂಕಿನ ಹಳೆಯ ಬಾವಿಗಳ ಮೇಲೆ ಬರೆದ. ಊರೂರು ಅಲೆದ, ಮೆಟ್ಟಿಲು ಇಳಿದ, ಹಗ್ಗ ಬಿಟ್ಟು ಆಳ ಅಳೆದ. ಆದರೆ ಅವನ ಜೀವವೆಲ್ಲ ಇದ್ದದ್ದು ಕೊನೆಯ ಅಧ್ಯಾಯದಲ್ಲಿ. ಅದು ಅವನ ಸ್ವಂತ ಊರಿನ ದೊಡ್ಡ ಬಾವಿ. ಕಟ್ಟಿಸಿದವನು ಅವನ ಅಜ್ಜ. ಅದಕ್ಕೆ ಸಾಕ್ಷಿಯಾಗಿ ಒಂದೇ ಒಂದು ಪತ್ರಿಕಾ ಲೇಖನವಿತ್ತು. ಊರಿಗೆಲ್ಲ ನೀರು ಕೊಟ್ಟ ಪುಣ್ಯಾತ್ಮ ಎಂದು ಅಜ್ಜನನ್ನು ಹೊಗಳಿ, ಆ ಲೇಖನ ಪೂರ್ಣವಿರಾಮಕ್ಕೆ ಸರಿಯಾಗಿ ಮುಗಿದಿತ್ತು. ಸಾಹುಕಾರ ಅದನ್ನು ಮದುವೆ ಮುಂಜಿಗಳಲ್ಲಿ ಬಾಯಿಪಾಠ ಒಪ್ಪಿಸುತ್ತಿದ್ದ.

ಅವನ ಮಾರ್ಗದರ್ಶಕಿ ಬಿಗಿ ಹೆಂಗಸು. ಆಕರಗಳ ಪಟ್ಟಿ ತೆರೆದು ನೋಡಿದರೆ "ಒಂದು ಮಾಸಪತ್ರಿಕೆ", "ಪೇಪರಿನಲ್ಲಿ ಬಂದ ಲೇಖನ", ಮತ್ತೆ "ಪೇಪರಿನಲ್ಲಿ ಬಂದ ಲೇಖನ". ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಾಹುಕಾರ್ರ, ಈ ಬಾವಿ ಲೇಖನ ಬರದವರು ಯಾರ್ರಿ?"

"ಪೇಪರಿನ್ಯಾಗ ಬಂದದ್ದರಿ, ಮೇಡಮ್ಮಾರ."

"ಪೇಪರಿಗೆ ಕೈ ಇರ್ತಾವೇನ್ರಿ? ಯಾರೋ ಒಬ್ಬರು ಕುಂತು ಬರದಿರ್ತಾರಲ್ಲ?"

ಇಪ್ಪತ್ತು ವರ್ಷ ಕತ್ತರಿಸಿದವನಿಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ನಿಮಗೆ ಹೊಳೆದಿದೆಯೇ? ಆಕೆ ಅವನನ್ನು ಕೂರಿಸಿ ತಿಳಿಸಿ ಹೇಳಿದರು. ದಿನಪತ್ರಿಕೆಯಾದರೆ ತಾರೀಖು, ಪುಟ. ಮಾಸಪತ್ರಿಕೆಯಾದರೆ ತಿಂಗಳು, ವರ್ಷ. ವಿದ್ವಾಂಸರ ಪತ್ರಿಕೆಯಾದರೆ ಸಂಪುಟ ಎಷ್ಟು, ಸಂಚಿಕೆ ಎಷ್ಟು, ಎಷ್ಟನೆಯ ಪುಟದಿಂದ ಎಷ್ಟನೆಯ ಪುಟದವರೆಗೆ. ಎಲ್ಲಕ್ಕೂ ಮೊದಲು ಬರೆದವರ ಹೆಸರು. ಇದೆಲ್ಲ ಯಾಕೆ? ನಾಳೆ ಇನ್ನೊಬ್ಬ ಅದನ್ನು ಹುಡುಕಿಕೊಂಡು ಹೊರಟರೆ ಅವನಿಗೆ ಅದರ ಮನೆ ಸಿಗಬೇಕಲ್ಲ. ಒಂದು ತಿಂಗಳೊಳಗೆ ಇದಿಷ್ಟು ತುಂಬದಿದ್ದರೆ ಕೊನೆಯ ಅಧ್ಯಾಯ ಕೈಬಿಡಬೇಕಾಗುತ್ತದೆ ಎಂದರು. ಅಜ್ಜನಿಲ್ಲದ ಪುಸ್ತಕ ಸಾಹುಕಾರನಿಗೆ ಯಾಕೆ ಬೇಕು?

ಹೇಗೆ ಹುಡುಕುವುದು? ತಾರೀಖಿಲ್ಲ, ಹೆಸರಿಲ್ಲ, ಪುಟವಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಅವನು ಆ ಲೇಖನವನ್ನು ರಿಜಿಸ್ಟರಿನಿಂದ ಬಿಡಿಸಲು ಕೂತ. ಒದ್ದೆ ಬಟ್ಟೆ ಹಾಸಿ, ಅಂಟು ನೆನೆಸಿ, ಇಂಚಿಂಚು ಬಿಡಿಸಿ ಹಿಂದೆ ತಿರುಗಿಸಿ ನೋಡಿದ. ಹಿಂದೆ ಏನಿತ್ತು ಗೊತ್ತೇ? ಒಂದು ಶ್ರದ್ಧಾಂಜಲಿಯ ಜಾಹೀರಾತು, ಅದೂ ಅರ್ಧ. ರುಮಾಲು ಸುತ್ತಿದ ಅರ್ಧ ತಲೆ, ಒಂದು ಕಣ್ಣು, ಅರ್ಧ ಮೀಸೆ, ಕೆಳಗೆ "ಐದನೆಯ ಪುಣ್ಯಸ್ಮರಣೆ" ಎಂಬ ಅಕ್ಷರ. ಆ ಅರ್ಧ ಮೀಸೆಯನ್ನು ಸಾಹುಕಾರ ಎಲ್ಲಿದ್ದರೂ ಗುರುತಿಸುತ್ತಿದ್ದ. ಮೂವತ್ತು ವರ್ಷ ಎದುರು ಅಂಗಡಿಯಲ್ಲಿ ಕೂತು ಅವನ ಜೊತೆ ಪೈಪೋಟಿ ಮಾಡಿದ ವ್ಯಾಪಾರಿಯ ಮೀಸೆ ಅದು.

ಹೋದ ಆ ಮನೆಗೆ. ನಿಮ್ಮ ಯಜಮಾನರು ತೀರಿಕೊಂಡ ದಿನ ಯಾವುದು ಎಂದು ಕೇಳಿದ. ಬದುಕಿದ್ದಾಗ ಮುಖ ಕೊಟ್ಟು ಮಾತಾಡದವನು ಈಗ ಯಾಕೆ ಕೇಳುತ್ತಾನೆಂದು ಮುದುಕಿ ಅವನನ್ನೇ ನೋಡಿದರಂತೆ. ಆದರೂ ದಿನ ಹೇಳಿದರು. ಸತ್ತವರ ದಿನ ನಮ್ಮ ಹೆಣ್ಣುಮಕ್ಕಳು ಮರೆಯುತ್ತಾರೆಯೇ? ಅದಕ್ಕೆ ಐದು ವರ್ಷ ಕೂಡಿಸಿದ, ಜಿಲ್ಲಾ ಗ್ರಂಥಾಲಯಕ್ಕೆ ಬಸ್ಸು ಹತ್ತಿದ. ಅಲ್ಲಿನವರು ಹಳೆಯ ಪೇಪರಿನ ಕಟ್ಟು ಇಳಿಸಿಕೊಟ್ಟರು. ಧೂಳಿಗೆ ಸೀನುತ್ತ ಒಂದೊಂದೇ ಹಾಳೆ ತಿರುವಿದ. ಸಿಕ್ಕಿತು ನೋಡಿ. ಪುಟ ಐದು. ಅದೇ ಬಾವಿ, ಅದೇ ಅಜ್ಜ. ಮೇಲೆ ತಾರೀಖು. ಅಂಚಿನಲ್ಲಿ ಬರೆದವರ ಹೆಸರು.

ಸಾಹುಕಾರನ ಹೆಸರು ನಾನು ಹೇಳಲಿಲ್ಲ, ಈ ಹೆಸರು ಮಾತ್ರ ಹೇಳುತ್ತೇನೆ. ಫಕೀರವ್ವ ಕಲ್ಲಪ್ಪ ಹುಲಗೂರ, ಅಂಗನವಾಡಿ ಕಾರ್ಯಕರ್ತೆ. ಅವನದೇ ಊರಿನವಳು. ಹಿಗ್ಗಿನಿಂದ ಬರೆದುಕೊಳ್ಳುತ್ತಿದ್ದವನ ಕಣ್ಣು ಲೇಖನದ ಕೆಳಗಿನ ಒಂದು ತುಂಡು ಸಾಲಿನ ಮೇಲೆ ಬಿತ್ತು. ಓರಣಕ್ಕೆಂದು ತಾನೇ ಕತ್ತರಿಸಿ ಎಸೆದಿದ್ದ ಸಾಲು. "ಉಳಿದದ್ದು ಏಳನೆಯ ಪುಟಕ್ಕೆ."

ತಿರುವಿದ. ಏಳನೆಯ ಪುಟದಲ್ಲಿ ಏನಿತ್ತು? ಆ ಬಾವಿಯನ್ನು ಎರಡು ವರ್ಷ ತೋಡಿದವರು ಕಲ್ಲು ಒಡೆಯುವವರ ಓಣಿಯವರು ಎಂದಿತ್ತು. ನೀರು ಬಂದ ದಿನವೇ ಆ ಓಣಿಯವರು ಬಾವಿಗೆ ಇಳಿಯಕೂಡದೆಂದು ಅಪ್ಪಣೆ ಆಯಿತು ಎಂದಿತ್ತು. ತೋಡಿದವರ ಹೆಣ್ಣುಮಕ್ಕಳು ಕೊಡ ಇಟ್ಟುಕೊಂಡು, ಯಾರಾದರೂ ಕನಿಕರಪಟ್ಟು ಸುರಿದಾರೇ ಎಂದು ಮಧ್ಯಾಹ್ನದವರೆಗೆ ಕಾಯುತ್ತಿದ್ದರು ಎಂದಿತ್ತು. ಅಪ್ಪಣೆ ಕೊಟ್ಟವನು ಯಾರು? ಅದೇ ಅಜ್ಜ. ಅದೇ ಪುಣ್ಯಾತ್ಮ.

ಸಾಹುಕಾರ ಬಸ್ ಸ್ಟ್ಯಾಂಡಿನಲ್ಲಿ ಕೂತು ಎರಡು ಬಸ್ಸು ಬಿಟ್ಟ. ಮನಸ್ಸು ಹೇಳಿತು, ಪುಟ ಐದು ಎಂದಷ್ಟೇ ಬರೆ. ಹೆಸರು ಸಿಕ್ಕಿತು, ತಾರೀಖು ಸಿಕ್ಕಿತು, ಮೇಡಮ್ಮಾರಿಗೂ ಸಮಾಧಾನ. ಯಾರು ಹೋಗಿ ತಿರುವಿ ನೋಡುತ್ತಾರೆ? ಇದು ಸುಳ್ಳೂ ಅಲ್ಲವಲ್ಲ. ಐದನೆಯ ಪುಟದಲ್ಲಿ ಇದ್ದದ್ದು ನಿಜವೇ. ಅಯ್ಯೋ, ಈ ಮನಸ್ಸಿನಷ್ಟು ಒಳ್ಳೆಯ ವಕೀಲ ಯಾವ ಕೋರ್ಟಿನಲ್ಲೂ ಸಿಗುವುದಿಲ್ಲ.

ಮರುದಿನ ಅವನು ಫಕೀರವ್ವನ ಮನೆಗೆ ಹೋದ. ಅವನ ಗೋದಾಮಿನ ಹಿಂದೆಯೇ ಇರುವ, ಅದೇ ಕಲ್ಲು ಒಡೆಯುವವರ ಓಣಿ. ಇಷ್ಟು ವಯಸ್ಸಾದರೂ ಆ ಓಣಿಗೆ ಅವನು ಕಾಲಿಟ್ಟಿರಲಿಲ್ಲ. ಕೆಲಸದಿಂದ ನಿವೃತ್ತಳಾದ ಹೆಂಗಸು, ಬಾಗಿಲಲ್ಲಿ ಕೂತು ಮೊಮ್ಮಗಳ ಜಡೆ ಹಾಕುತ್ತಿದ್ದಳು. ಎದ್ದು ಒಳಗೆ ಹೋದಳು, ಚಾಪೆ ತಂದು ಹಾಸಿದಳು, ಒಂದು ಚೆಂಬು ನೀರು ತಂದು ಅವನ ಮುಂದಿಟ್ಟಳು. ಸಾಹುಕಾರ ಆ ಚೆಂಬನ್ನು ಬಹಳ ಹೊತ್ತು ನೋಡಿದ. ಆಮೇಲೆ ಕುಡಿದ.

ನಿಮ್ಮ ಹೆಸರನ್ನು ಪಟ್ಟಿಯಲ್ಲಿ ಸರಿಯಾಗಿ ಬರೆಯಬೇಕು, ಅದಕ್ಕೇ ಬಂದೆ ಎಂದ. ಫಕೀರವ್ವ ಅವನು ತಂದ ಹಾಳೆಯನ್ನು ಇಸಿದುಕೊಂಡು ಓದಿದಳು. ಅದರಲ್ಲಿ ಪುಟದ ಜಾಗ ಇನ್ನೂ ಖಾಲಿ ಇತ್ತು.

"ನನ್ನ ಹೆಸರು ಬಿಟ್ಟರ ಬಿಡ್ರಿ, ಸಾಹುಕಾರ್ರ," ಎಂದಳು. "ಏಳನೇ ಪುಟ ಬಿಡಬ್ಯಾಡ್ರಿ. ನಮ್ಮವ್ವ ಅದರಾಗ ಅದಾಳ."

ಅವನು ಅಲ್ಲೇ ಚಾಪೆಯ ಮೇಲೆ ಪೆನ್ನು ತೆಗೆದು ಬರೆದ. ಪುಟ ಐದು ಮತ್ತು ಏಳು. ಕೊನೆಯ ಅಧ್ಯಾಯವನ್ನು ಹೊಸದಾಗಿ ಬರೆದ. ಅಣ್ಣ ತಮ್ಮಂದಿರು ಮನೆತನದ ಮಾನ ಕಳೆದೆ ಎಂದು ಮಾತು ಬಿಟ್ಟರು. ಅವನಿಗೆ ಡಾಕ್ಟರ್ ಪದವಿ ಬಂತೇ ಎಂದು ಕೇಳುತ್ತೀರಿ. ಬಂತು. ನನಗೆ ಅದು ದೊಡ್ಡದಲ್ಲ. ಹೊಗಳಿಕೆ ಮುಗಿದ ಜಾಗದಿಂದ ಮುಂದಕ್ಕೆ ಓದುವ ಧೈರ್ಯ ಬಂತಲ್ಲ, ಅದು ದೊಡ್ಡದು.

ಮಗಳೇ, ಆ ಪಟ್ಟಿಯನ್ನು ಯಾರು ಓದುತ್ತಾರೆ ಎಂದೆಯಲ್ಲ. ಓದುವವರು ಇಲ್ಲದಿರಬಹುದು. ಆದರೆ ಬರೆಯಲು ಕೂತಾಗ ನೀನು ಮತ್ತೆ ಹುಡುಕಬೇಕಾಗುತ್ತದೆ, ಹಾಳೆ ತಿರುವಬೇಕಾಗುತ್ತದೆ. ಮೊದಲು ತಿದ್ದಿಕೊಳ್ಳುವವಳು ನೀನೇ. ಅದಕ್ಕೇ ಬರೆ, ಬೇಸರಪಡದೆ ಬರೆ.

ಇನ್ನು ಉಳಿದವರು. ನಿಮ್ಮ ಕೈಯಲ್ಲಿ ಕತ್ತರಿ ಇಲ್ಲವೇ? ಇದೆ, ನಾಲಿಗೆಯಲ್ಲಿದೆ. "ಎಲ್ಲೋ ಓದಿದೆ," "ಯಾರೋ ಹೇಳಿದರು," "ಮೊಬೈಲಿನಲ್ಲಿ ಬಂದಿತ್ತು." ಯಾರು? ಯಾವಾಗ? ಪೂರ್ತಿ ಏನಿತ್ತು? ಒಬ್ಬರ ಮನೆ ಮಾತನ್ನು ಅರ್ಧ ಕೇಳಿ ಇನ್ನೊಬ್ಬರ ಮನೆಗೆ ಪೂರ್ತಿ ಮಾಡಿ ದಾಟಿಸುತ್ತೀರಿ. ನಾನೂ ಸಾಚಾ ಅಲ್ಲ. "ಹಿರಿಯರು ಹೇಳಿದ್ದಾರೆ" ಎಂದು ಈ ಪೀಠದ ಮೇಲೆ ಕೂತು ಎಷ್ಟು ಸಲ ಜಾರಿಕೊಂಡಿದ್ದೇನೋ. ಯಾವ ಹಿರಿಯರು ಎಂದು ನೀವು ಕೇಳಲಿಲ್ಲ, ಅದು ನನ್ನ ಪುಣ್ಯ. ನಾಳೆಯಿಂದ ಕೇಳಿ.

ನಾಳೆಯಿಂದ ಇಷ್ಟು ಮಾಡಿ. ಮೊಬೈಲಿನಲ್ಲಿ ಬಂದದ್ದನ್ನು ಮುಂದಕ್ಕೆ ಕಳಿಸುವ ಮೊದಲು ಬರೆದವರು ಯಾರು, ಯಾವತ್ತಿನದು ಎಂದು ನೋಡಿ. ಗೊತ್ತಾಗದಿದ್ದರೆ ನಿಮ್ಮಲ್ಲೇ ನಿಲ್ಲಿಸಿ. ಇನ್ನೊಬ್ಬರಿಂದ ಕಲಿತ ಮಾತನ್ನು ಆಡುವಾಗ ಅವರ ಹೆಸರು ಹಿಡಿದು ಆಡಿ, ಅವರು ನಿಮ್ಮ ಮನೆಯ ಕಸ ಗುಡಿಸುವವರಾದರೂ ಸರಿ. ಇನ್ನೂ ಒಂದಿದೆ, ಅದು ಕಷ್ಟದ್ದು. ನಿಮ್ಮ ಮನೆತನಕ್ಕೂ ಒಂದು ಹೆಮ್ಮೆಯ ಕಥೆ ಇರುತ್ತದೆ. ಅದು ನಡೆದಾಗ ಮಣ್ಣು ಹೊತ್ತವರು, ಕಲ್ಲು ಹೊತ್ತವರು ಇರುತ್ತಾರೆ. ಈ ವಾರದೊಳಗೆ ಅವರ ಮನೆಗೆ ಹೋಗಿ, ಅದೇ ಕಥೆಯನ್ನು ಅವರ ಬಾಯಿಂದ ಕೇಳಿ ಬನ್ನಿ. ಕೇಳಿದ್ದನ್ನು ನಿಮ್ಮ ಮಕ್ಕಳನ್ನು ಕೂರಿಸಿಕೊಂಡು ಹೇಳಿ. ಹೇಳುವಾಗ ನಾಚಿಕೆಯಾಗುತ್ತದೆ. ಆಗಲಿ, ಅರ್ಧಕ್ಕೆ ನಿಲ್ಲಿಸಬೇಡಿ.