ಗುಲಗಂಜಿ ಕಣ್ಣಿನ ಎತ್ತು

ಪರರ ಮಾತಿಗೆ ಕಿವಿಗೊಟ್ಟಿದ್ದು ತಪ್ಪು, ಅದನ್ನು ಬರೆಯುವುದು ಇನ್ನೂ ದೊಡ್ಡ ತಪ್ಪು; ಓದುವವರು ಮನ್ನಿಸಬೇಕು. ಶಹಾಪುರ ಬಸ್ ನಿಲ್ದಾಣದಲ್ಲಿ ಸರೋಜಾ ಹಳೆಯ ಮಣ್ಣೆತ್ತೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಯಾದಗಿರಿಯ ಶಾಲೆಯೊಂದರಲ್ಲಿ ಹಳೆ ಆಟಿಕೆಗಳ ಪ್ರದರ್ಶನವಿತ್ತು. ದಾರಿಯಲ್ಲೇ ಅದನ್ನು ಭೀಮಾ ಹೊಳೆಗೆ ಬಿಡಿಸಬೇಕೆಂದು ಗಂಡನ ಅಕ್ಕ ಗೊಲ್ಲಾಳಮ್ಮ ಬೆನ್ನು ಹತ್ತಿದ್ದಳು.

“ಅಮಾಸಿ ಪೂಜಿ ಮುಗೀತಂದ್ರ ಮಣ್ಣೆತ್ತು ನೀರಿಗೇ ಹೋಗಬೇಕು. ನೀ ನಲವತ್ತು ವರ್ಷದ್ದು ಅಲಮಾರಿನ್ಯಾಗ ಇಟ್ಕೊಂಡು ಕುಂತೀದಿ.”

“ಬುಗುರಿ, ಕಟ್ಟಿಗಿ ಬಂಡಿನೂ ಇಟ್ಟೇನ್ರಿ ಅಕ್ಕಾರ. ಓಣಿ ಮಂದಿ ನೋಡಾಕ ಬರ್ತಾರ.”

“ಇದರ ಕೋಡು ಮುರದದ. ಮುಕ್ಕಾದದ್ದು ಮನ್ಯಾಗ ಇರಬಾರದು.”

“ನಿಮ್ಮ ತಮ್ಮನ ಮುಂದಿನ ಹಲ್ಲೂ ಮುರದಾವ. ಅವರನ್ನೂ ಹೊಳಿಗಿ ಬಿಡೂನೇನ್ರಿ?”

ಗೊಲ್ಲಾಳಮ್ಮ ಬಂದ ನಗುವನ್ನು ನುಂಗಿಕೊಂಡಳು. “ಬಾಯಿ ಬಾಳ ಆಗ್ಯಾದ ನಿಂದು. ಇಲ್ಲಿ ಕೊಡು, ನಾನೇ ಬಿಡ್ತೀನಿ.”

“ಕೊಡಂಗಿಲ್ರಿ. ಗುಲಗಂಜಿ ಕಣ್ಣಿಟ್ಟು ನಮ್ಮವ್ವ ಮಾಡಿದ್ದಿದು. ಆಕಿದೊಂದು ಫೋಟೋ ಸೈತ ಇಲ್ಲ. ಎತ್ತಿನ ಬೆನ್ನ ಮ್ಯಾಲ ಆಕಿ ಬೆರಳು ಮೂಡ್ಯಾವ, ಅಷ್ಟೇ ಉಳದದ.”

“ದೇವ್ರು ಸಿಟ್ಟಾದ್ರ?”

“ನನ್ನ ಮ್ಯಾಲ ಆಗ್ಲಿ. ಎತ್ತು ಮಾತ್ರ ಕೊಡಂಗಿಲ್ಲ.”

ಯಾದಗಿರಿ ಬಸ್ಸು ಬಂತು. ಸರೋಜಾ ಎತ್ತನ್ನು ಎದೆಗೊತ್ತಿಕೊಂಡು ಹತ್ತಿದಳು, ಹಿಂದೆಯೇ ಗೊಲ್ಲಾಳಮ್ಮ. ನಾನು ಬೇರೆ ಬಸ್ಸಿಗೆ ಕಾಯುತ್ತಿದ್ದವನು; ಹೊಳೆಯ ಸೇತುವೆ ಬಂದಾಗ ಏನಾಯಿತೋ ನನಗೆ ಗೊತ್ತಿಲ್ಲ.