ನಾಕು ಸಾಲಿನ ರಿಪೇರಿ

…ಇದಾ? ಇಷ್ಟಕ್ಕ ಸವಣೂರಿಂದ ಶಿಗ್ಗಾಂವಿತನಕಾ ಬಸ್ ಹತ್ತಿ ಬಂದ್ರೇನ್ರಿ ಫರ್ಜಾನಾ ಅಕ್ಕಾರ? ನಾಕ ಸಾಲು ಕೋಡ್! ಇಷ್ಟು ಬರದಿದ್ದಕ್ಕ ದೇಶ-ವಿದೇಶದ ಮಂದಿ ಕೂಡಿ ಹೊಸಾ ವರ್ಷನ್ ಪಟ್ಟಿಯಾಗ ನಿಮ್ಮ ಹೆಸರು ಹಾಕ್ಯಾರ, ಕೆಳಗ ಚಪ್ಪಾಳಿ ಚಿತ್ರ ಬ್ಯಾರೆ… ಕುಂದರ್ರಿ, ಕುಂದರ್ರಿ. ಆ ಕುರ್ಚಿ ಬ್ಯಾಡ, ಅದರ ಕಾಲು ಅಳ್ಳಾಡತೈತಿ. ಇಲ್ಲಿ ಬರ್ರಿ.

ಯಾಕ ನಗ್ತೀರಿ? ನಾ ಚ್ಯಾಷ್ಟಿ ಮಾಡಾಕತ್ತಿಲ್ಲ. ಟೇಬಲ್ ಕೆಳಗ ಗುಂಯ್ ಅನ್ನಾಕತ್ತೈತಲ್ಲ, ಅದ ನೋಡ್ರಿ ನಮ್ಮ ಸರ್ವರ್. ಹಾನಗಲ್ಲ, ಹಿರೇಕೆರೂರ, ಸವಣೂರ, ಶಿಗ್ಗಾಂವಿ, ಎಲ್ಲಾ ಕಡೆ ಬೀಜದ ಪ್ಲಾಟಿನ್ಯಾಗ ದುಡಿಯೋ ಹೆಣ್ಣಮಕ್ಕಳು ಮಾತಾಡೋದು ಇದರಾಗ. ಯಾವನೋ ಕಂಪನಿಯವನ ಆ್ಯಪ್ ಬ್ಯಾಡ, ಯಾರ ಬೇಕಾರ ತಿದ್ದಬಹುದಾದ ಓಪನ್ ಸೋರ್ಸ್ ಹಾಕೋಣು, ನಮ್ಮ ಮಾತು ನಮ್ಮಲ್ಲೇ ಇರಲಿ ಅಂತ ಸಂಘಕ್ಕ ಹೇಳಿದವ ಯಾರು? ಈ ಮಾಲತೇಶ! ಕರೆಂಟ್ ಹೋದ್ರ ಉಣ್ಣೂದು ಬಿಟ್ಟು ಓಡಿ ಬಂದು ಬ್ಯಾಟರಿ ಹಚ್ಚಾಂವ ಯಾರು? ಆವಾಗ ನನಗ ಯಾರೂ ಚಪ್ಪಾಳಿ ಹೊಡೀಲಿಲ್ರಿ.

ತರ್ರಿ, ಹೊಸಾ ವರ್ಷನ್ ಏನೇನ್ ಉದ್ಧಾರ ಮಾಡೇತಿ ಓದೋಣು. "ಅಡ್ಡ ಬರ್ತಿದ್ದ ಫೋಟೋ ಇನ್ನ ನೆಟ್ಟಗ ಬರ್ತಾವ." ವಾಹ್! ಇಷ್ಟ ದಿನಾ ನಮ್ಮ ಹೆಣ್ಣಮಕ್ಕಳು ಕುತ್ತಿಗಿ ಅಡ್ಡ ಮಾಡಿ ನೋಡ್ತಿದ್ರು, ಪಾಪ. "ನೆಟ್‌ವರ್ಕ್ ಕಡದಾಗ ಒಂದ ಸುದ್ದಿ ಎರಡ ಸಲ ಹೋಗೋದು ನಿಂತೈತಿ." ಎರಡ ಸಲ ಹೇಳಿದ್ರೂ ಕೇಳದ ಮಂದಿ, ಒಂದ ಸಲಕ್ಕ ಕೇಳ್ತಾರ? "ಕನ್ನಡದಾಗ ಹುಡುಕಿದ್ರ ಒತ್ತಕ್ಷರ ಸಿಗ್ತಾವ." ಸಿಗಲಿ, ಸಿಗಲಿ…

ಆಮ್ಯಾಲ ಇದು. ನಿಮ್ಮದು. "ಯಾರನ್ನರ ಬ್ಲಾಕ್ ಮಾಡಿದ್ರೂ, ಆ ಮನಷ್ಯಾ ಅಟ್ (@) ಗುರುತು ಹಾಕಿ ನಿಮ್ಮ ಹೆಸರು ಬರದ್ರ ನಿಮ್ಮ ಫೋನ್ ಟಣ್ ಅಂತಿತ್ತು. ಬರದು ಕೂಡ್ಲೇ ಅಳಿಸಿದ್ರೂ ಅಂತಿತ್ತು. ಇನ್ನ ಅನ್ನೂದಿಲ್ಲ." ಯವ್ವಾ! ಎಂಥಾ ದೊಡ್ಡ ರೋಗಕ್ಕ ಔಷಧ ಕಂಡುಹಿಡದೀರಿ! ಟಣ್ ಅಂದ್ರ ಏನಾತ್ರಿ? ತಗದ್ ನೋಡಿದ್ರ ಒಳಗ ಏನೂ ಇರಂಗಿಲ್ಲ. ಬೈಗಳ ಇಲ್ಲ, ಹೊಲಸ ಫೋಟೋ ಇಲ್ಲ. ಏನೂ ಇಲ್ಲದ್ದಕ್ಕ ಹೆದರೋರು ಯಾರದಾರ?

ರಾಜಶ್ರೀ ಅಂದ್ರಿ? ಅಂದ್ಕೊಂಡಿದ್ದೆ! ಆಕಿ ಬಂದು ನಿಮ್ಮ ಮುಂದ ಅತ್ಲು, ನೀವು ಕರಗಿ ಬರದ್ರಿ. ನಾಳೆ ಸಂಘದ ಮೀಟಿಂಗ್ ಐತಿ ಅಂತ ಇವತ್ತ ಈ ನಾಟಕ. ಹತ್ತಿಮತ್ತೂರಾಗ ಏನಾತು ಅನ್ನೂದು ಆಕಿ ಪೂರಾ ಹೇಳಿರಂಗಿಲ್ಲ, ನಾ ಹೇಳ್ತೇನಿ ಕೇಳ್ರಿ.

ಉಡಚವ್ವನ ಟೊಮೆಟೊ ಬೀಜದ ಪ್ಲಾಟು. ಅದಕ್ಕ ಸೂಪರ್‌ವೈಜರ್ ಈ ರಾಜಶ್ರೀ. ಹೆಣ್ಣಮಕ್ಕಳು ಒಂದೊಂದ ಹೂವಿಗೆ ಗಂಡು ಹೂವಿನ ಪುಡಿ ಮುಟ್ಟಸಾಕತ್ತಿದ್ರು. ಅವತ್ತ ಬಂದಿದ್ದ ಪುಡಿನ ಬ್ಯಾರೆ ತಳೀದು! ಮುಂಜಾನೆ ನನಗ ಗೊತ್ತಾತು, ಕೂಡ್ಲೇ ಗುಂಪಿನ್ಯಾಗ ಹಾಕಿದೆ, "ಪುಡಿ ಮುಟ್ಟಿಸಬ್ಯಾಡ್ರಿ, ಕೆಲಸ ನಿಲ್ಲಸ್ರಿ" ಅಂತ. ಎಲ್ಲಾ ಪ್ಲಾಟಿನ್ಯಾಗ ನಿಲ್ಲಿಸಿದ್ರು. ಆಕೀದೊಂದ ಇಲ್ಲ. ಯಾಕ? ರಾಜಶ್ರೀ ಬಾಯಾರು ಫೋನ್ ಬಂದ್ ಮಾಡಿ ಚೀಲದಾಗ ಇಟ್ಟಿದ್ರು! ಸಂಜಿತನಕಾ ಮುಟ್ಟಿಸಿದ್ದ ಮುಟ್ಟಿಸಿದ್ದು. ಬೀಜ ಎಲ್ಲಾ ಕಲಬೆರಕಿ, ಪ್ಲಾಟು ಪೂರಾ ರಿಜೆಕ್ಟ್. ಉಡಚವ್ವ ಬದುವಿನ ಮ್ಯಾಲ ಕುಂತು ಅತ್ತಿದ್ದನ್ನ ನಾ ಕಣ್ಣಾರೆ ನೋಡೇನಿ. ಇಂಥಾಕಿನ್ನ ಕೆಲಸದಾಗ ಇಟ್ಕೋಬೇಕಾ? ನಾಳೆ ನಾನ ಎದ್ದು ನಿಂತು ಹೇಳಾಂವ, ತಗೀರಿ ಅಂತ. ಸುದ್ದಿ ಹೋಗೇತಿ, ಆಕಿ ನೋಡಿಲ್ಲ. ಮುಗೀತು!

ಬಂದ್ ಯಾಕ ಮಾಡಿದ್ಲು ಅಂದ್ರ? ನನಗೇನ್ ಗೊತ್ರಿ… ಸೊಕ್ಕು! ಮದಲಿಂದಾನೂ ಹಂಗ ಆಕಿ. ಒಳ್ಳೆ ಮಾತಿಲೆ ಒಂದ್ ಕೇಳಿದ್ರ, ಹುಲಗೂರ ಬಸ್ ಸ್ಟ್ಯಾಂಡಿನ್ಯಾಗ, ಅಷ್ಟು ಮಂದಿ ಎದುರಿಗೆ, "ನಿನ್ನ ಲಗ್ನ ಆಗೋದಕ್ಕಿಂತ"… ಅಲ್ಲ, ಅದು ಬ್ಯಾರೆ ವಿಷಯ. ಬಿಡ್ರಿ. ಚಾ ಕುಡೀರಿ, ಆರಿ ಹೊಂಟೈತಿ.

ಅಲ್ರೀ, ಹೂವಿನ ಮುಂದ ಬಗ್ಗಿ ನಿಂತಾಗ ನಡಕ್ಕ ಸಿಗಿಸಿದ ಫೋನ್ ಟಣ್ ಅಂದ್ರ, ಹಿಂಗ ಬೆಚ್ಚಿ ಬೀಳೋದಾ? ಕೈಯಾಗಿನ ಪುಡಿ ಚೆಲ್ಲಿ, ಸುತ್ತ ನೋಡಿ, ಸೆರಗಿಲೆ ಮಾರಿ ಒರಿಸ್ಕೋಳ್ಳೋದಾ? ಎಂಥಾ ನಾಜೂಕು!… ಏನು? ನೀವ ಹೇಳಿದ್ರಲ್ಲ ಈಗ. ಹೇಳ್ಲಿಲ್ಲ? ಮತ್ಯಾರೋ ಹೇಳಿದ್ರು. ಹೊಲದಾಗ ಮಾತಾಡೋ ಬಾಯಿಗೇನ್ ಕಡಿಮಿ…

ಇರಲಿ. ಈ ವರ್ಷನ್ ನಾ ಹಾಕಂಗಿಲ್ಲ. ಹಳೇದಾಗ ನಿಮ್ಮ ಬಗ್ಗು ಗಿಗ್ಗು ಏನೂ ಇಲ್ಲ, ಎಲ್ಲಾ ಆಕಿ ತಲಿಯಾಗ ಐತಿ. ನಂಬಿಕಿ ಇಲ್ಲ? ನನ್ನ ಬ್ಲಾಕ್ ಮಾಡ್ರಿ ಈಗ, ನಿಮ್ಮ ಫೋನಿನ್ಯಾಗ. ಮಾಡಿದ್ರಿ? ಹಾಂ. ಪರದೆ ನಿಮ್ಮ ಕಡೇನ ತಿರುವೇನಿ ನೋಡ್ರಿ, ನಾ ಮುಚ್ಚಿಡೋದೇನೈತಿ! ಇದು ನನ್ನ ಅಕೌಂಟು, ಇದು ಎಲ್ಲಾರೂ ಇರೋ ಗುಂಪು. ನಿಮ್ಮ ಹೆಸರು ಬರೀತೇನಿ, ಫೋನ್ ಅಂತೈತೇನು ಕೇಳ್ರಿ. ಅಟ್ ಗುರುತು ಒತ್ತಿದೆ…

…ತಡೀರಿ.

ಇವು ತಾವಾಗೇ ಬರೋ ಹೆಸರು ರಿ. ನಾ ಒತ್ತಿಲ್ಲ. ರಾಜಶ್ರೀ ಹೆಸರು ಎಲ್ಲಾರಕಿಂತ ಮ್ಯಾಲ ಬಂದ್ರ ನಾ ಏನ್ ಮಾಡಲಿ? ಅಕ್ಷರದ ಪ್ರಕಾರ ಬರ್ತೈತಿ ಅದು.

ಯಾಕ ಹಂಗ ನೋಡ್ತೀರಿ?

ಹೌದು, ಅಕ್ಷರದ ಪ್ರಕಾರ ಅಂದ್ರ ಗುಂಪಿನ್ಯಾಗಿನ ಅಖ್ತರುನ್ನೀಸಾ ಮದಲ ಬರಬೇಕಿತ್ತು… ಭಾಳ ಸಲ ಯಾರ ಹೆಸರು ಬರೀತೇವಿ ಅವರದು ಮ್ಯಾಲ ಬರ್ತೈತಿ. ನಿಮಗ ಗೊತ್ತಿಲ್ಲದ್ದೇನ್ರಿ. ಕೆಲಸದ ಸಲುವಾಗಿ ಬರದಿರ್ತೇನಿ. ಸೂಪರ್‌ವೈಜರ್ ಅಲ್ಲೇನು ಆಕಿ? ಬರದ ಸುದ್ದಿ ಎಲ್ಲಿ ಅದಾವ ಅಂದ್ರ… ಅಳಿಸೇನಿ. ಜಾಗಾ ತುಂಬತೈತಿ ಅಂತ ಅಳಿಸೇನಿ.

ಬೈರಿ ಬೇಕಾರ.

ಆತು, ಹಾಕ್ತೇನಿ. ಈಗ, ನಿಮ್ಮ ಎದುರಿಗೇನ ಹೊಸಾದು ಹಾಕ್ತೇನಿ. ಪರದೆ ಬಿಡ್ರಿ, ಯಾಕ ಹಿಡಕೊಂಡೀರಿ ಅದನ್ನ? ನಾಳೆ ಮೀಟಿಂಗ್‌ನ್ಯಾಗ ನಾ ಸುಮ್ಮನಿರ್ತೇನಿ, ಆಕಿ ಸುದ್ದೀನ ಎತ್ತಂಗಿಲ್ಲ… ಅಕ್ಕಾರ? ಒಂದ್ ಕೆಟ್ಟ ಮಾತ ಬರದಿಲ್ರಿ ನಾ. ಆಕಿನ್ನ ಕೇಳ್ರಿ ಬೇಕಾರ. ಬರೇ ಹೆಸರು. ಹೆಸರು ಬರೀತಿದ್ದೆ, ಅಳಿಸ್ತಿದ್ದೆ, ಅಷ್ಟ. ಒಮ್ಮೆರ ತಿರುಗಿ ನೋಡಲಿ ಅಂತ.

ಅಷ್ಟಕ್ಕ ಯಾರರ ಹಿಂಗ ಸುಮ್ಮನ ಕುಂದರ್ತಾರೇನ್ರಿ?